ಎರಡನೆಯ ಸುತ್ತು

ಫಸಲಿ ಸನ ೧೩೪೮, ಫರ್ವರ್ದಿ ತಿಂಗಳು. ಈಗಿನವರ ಲೆಕ್ಕದಲ್ಲಿ ೧೯೩೯ನೇ ಇಸವಿಯ ಫೆಬ್ರವರಿ. ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ ಬೇವೂರಿನ ಹೊರಗಿನ ಗಾಯರಾಣ, ಅಂದರೆ ಊರ ದನ ಮೇಯುವ ಕೆಂಪು ಮಸಾರಿ ನೆಲ. ಹಾಜರಿದ್ದವರು: ಯಲಬುರ್ಗಾ ಸಾಲೆಯ ಡ್ರಿಲ್ ಮಾಸ್ತರನಾದ ನಾನು, ಬಂದೋಬಸ್ತಿಗೆಂದು ಬಂದಿದ್ದ ಪೊಲೀಸ್ ಅಮೀನರು, ಗಾಯರಾಣಕ್ಕೆ ಹತ್ತಿದ ಕಣದಲ್ಲಿ ಜೋಳದ ರಾಶಿ ಮಾಡುತ್ತಿದ್ದ ನಿಂಗಪ್ಪ, ಅವನ ಹೆಂಡತಿ ಗಂಗವ್ವ, ಮತ್ತು ಕೈಗೂಡಿಸಲು ಬಂದ ನೆರೆಹೊಲದ ಇಮಾಮಸಾಬ. ಆಕಾಶದಲ್ಲಿ ಇನ್ನಿಬ್ಬರಿದ್ದರು. ಒಬ್ಬರು ಹೈದರಾಬಾದಿನಿಂದ ಬಂದ ಹಾರಾಟದ ಅಧಿಕಾರಿ. ಇನ್ನೊಬ್ಬರು ವಿಮಾನ ನಡೆಸುತ್ತಿದ್ದವರು.

ನಾನು ಬರೆಯಲು ಕುಳಿತಿರುವುದು ಆ ಎರಡನೆಯವರ ಬಗ್ಗೆ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಯಾರಾದರೂ ಸಭೆಯಲ್ಲಿ ಅವರ ಹೆಸರೆತ್ತಿ ಹೊಗಳಲು ಹೊರಟರೆ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಹೋದ ವಾರ ಕೊಪ್ಪಳದ ಬಸ್ಸಿನ ಕಂಡಕ್ಟರ್ ಇಳಿದು ಬಂದು, "ಮಾಸ್ತರ, ನಿಮ್ಮ ಇಮಾನದ ಸಾವಕಾರ್ರು ಹೋದ್ರಂತ್ರಿ," ಎಂದ. ಮಣ್ಣಿಗೆ ಹೋಗಿ ಬಂದೆ. ಅವರನ್ನು ಕಂಡವರು ಈ ಸೀಮೆಯಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದೇವೆ. ಅವರು ಹಾರುವುದನ್ನು ಕಂಡವರು ಇನ್ನೂ ಕಡಿಮೆ. ಆದ್ದರಿಂದ ಬರೆಯುತ್ತೇನೆ.

ಅವರದು ಕೊಪ್ಪಳದಲ್ಲಿ ಅರಳೆ ಗಿರಣಿಯ ಮನೆತನ. ಬೇವೂರಿನಲ್ಲಿ ಪೂರ್ವಿಕರ ಹೊಲ. ಗಿರಣಿಯ ಯಂತ್ರದ ಪಟ್ಟಾ ತರಲು ತಂದೆ ಅವರನ್ನು ಹೈದರಾಬಾದಿಗೆ ಕಳಿಸಿದ್ದರು. ಪಟ್ಟಾ ತಂದರು, ಜೊತೆಗೆ ಹಾರಾಟ ಕಲಿಸುವ ಕ್ಲಬ್ಬೊಂದಕ್ಕೆ ಸೇರಿದ ಸುದ್ದಿಯನ್ನೂ ತಂದರು. ತಂದೆ ಗಿರಣಿಯ ಬಾಗಿಲಲ್ಲೇ ಕೇಳಿದರಂತೆ: "ಗಿರಣ್ಯಾಗ ಅರಳಿ ಹಾರತೈತಿ ಅಂತ ನೀನೂ ಹಾರತೀಯೇನೋ?" ಮಗ, "ಅರಳಿ ಹಾರಿ ಎಲ್ಲಿ ಬೀಳತೈತಿ ಗೊತ್ತಿಲ್ಲಪ್ಪಾ. ನಾ ಕಲತು ಹಾರತೀನಿ," ಎಂದರಂತೆ. ತಂದೆ ಎರಡು ತಿಂಗಳು ಮಾತಾಡಲಿಲ್ಲ. ಆಮೇಲೆ ಮಾತಾಡಿದ್ದು, "ಬಿದ್ದೀಯಪಾ," ಎಂದು.

ಅವರಿಗಿದ್ದದ್ದು ಖಾಸಗಿ ಪರವಾನಗಿ. ಅಂದರೆ ತಾವು ಹಾರಬಹುದು, ಜೊತೆಗೊಬ್ಬರನ್ನು ಕೂಡಿಸಿಕೊಳ್ಳಬಹುದು, ಬಾಡಿಗೆ ತೆಗೆದುಕೊಳ್ಳುವಂತಿಲ್ಲ. ಗಂಗಾವತಿಯ ಅಕ್ಕಿ ವ್ಯಾಪಾರಿಯೊಬ್ಬರು ಒಮ್ಮೆ ಹಾರಿ ಇಳಿದವರು ಸಂತೋಷಕ್ಕೆ ಒಂದು ಚೀಲ ಅಕ್ಕಿ ಹೊರಿಸಿಕೊಂಡು ಬಂದರು. "ಅಕ್ಕಿ ತಗೊಂಡ್ರ ಲೈಸನ್ಸ್ ಹೋಗತೈತ್ರೀ," ಎಂದರು ಇವರು. ವ್ಯಾಪಾರಿ ಸ್ವಲ್ಪ ಯೋಚಿಸಿ, "ಹಂಗಾರ ಊಟಕ್ಕ ಬರ್ರಿ. ಅಕ್ಕಿ ಅದರೊಳಗ ಇರತೈತಿ," ಎಂದರು. ಊಟಕ್ಕೆ ಹೋದರು. ಆದರೆ ಹೋಗುವ ಮೊದಲು, ಊಟ ಬಾಡಿಗೆಯ ಲೆಕ್ಕಕ್ಕೆ ಬರುತ್ತದೆಯೇ ಎಂದು ನಿಯಮದ ಪುಸ್ತಕ ತೆಗೆದು ನೋಡಿದರು. ಇಂಥವರು.

ನನಗೆ ಅವರ ಪರಿಚಯವಾದದ್ದು ನನ್ನ ಸೀಟಿಯಿಂದ. ಬೇವೂರಿನ ಗಾಯರಾಣದಲ್ಲಿ ಇಳಿಯಲು ಶುರುಮಾಡಿದಾಗ ನೆಲ ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು. ಯಲಬುರ್ಗಾ ಸಾಲೆಗೆ ಬಂದು ಹೆಡ್ ಮಾಸ್ತರರ ಮುಂದೆ ಕುಳಿತು, "ನನಗ ಶಾಣ್ಯಾ ಮನಷ್ಯಾ ಬ್ಯಾಡ್ರಿ. ಹೇಳಿದ ಹೊತ್ತಿಗೆ ಹೇಳಿದ ಜಾಗದಾಗ ನಿಲ್ಲೂವಂಥಾ ಮನಷ್ಯಾ ಬೇಕು," ಎಂದರು. ಹೆಡ್ ಮಾಸ್ತರರು ಕಿಟಕಿಯಿಂದ ನನ್ನನ್ನು ತೋರಿಸಿ, "ಅವರನ್ನ ಒಯ್ಯರಿ. ಮನ್ಯಾಗ ಹೆಂಡತಿ ಕಸ ಹೊಡಿಯಾಕೂ ಸೀಟಿ ಊದತಾರ," ಎಂದರು. ಇಬ್ಬರೂ ನಕ್ಕದ್ದು ಮೈದಾನದವರೆಗೆ ಕೇಳಿಸಿತು. ಮುಂದಿನ ಭಾನುವಾರದಿಂದ ನಾನು ಅವರ ನೆಲದ ಮನುಷ್ಯನಾದೆ. ಕೆಲಸ ಇಷ್ಟು: ನೆಲದ ನಾಲ್ಕು ಮೂಲೆಗೆ ಬಿಳಿ ಬಟ್ಟೆ ಹಾಸಿ ಕಲ್ಲು ಹೇರುವುದು, ದನ ಕುರಿ ಹೊರಗಟ್ಟುವುದು, ಇಲಿಯ ಬಿಲ ಮುಚ್ಚಿ ತುಳಿಯುವುದು, ಇಳಿದ ಮೇಲೆ ರೆಕ್ಕೆಗೆ ಹಗ್ಗ ಬಿಗಿಯುವುದು, ಕೊನೆಗೆ ಬಟ್ಟೆ ಎತ್ತಿ ಮಡಚುವುದು. ಸೈಕಲ್ ಮೇಲೆ ಹೋಗಿ ಬರುತ್ತಿದ್ದೆ.

ಗಿಡ್ಡ ಆಳು. ಒಣಗಿದ ಮೈ. ಬಲಗೈಯ ಕಿರುಬೆರಳಿನ ತುದಿಯನ್ನು ಗಿರಣಿಯ ಯಂತ್ರ ತಿಂದಿತ್ತು. ಧೋತರದ ಮೇಲೆ ಖಾಕಿ ಕೋಟು. ತಲೆಯ ರುಮಾಲು ತೆಗೆದು ಸೀಟಿನ ಕೆಳಗಿಟ್ಟು ಚರ್ಮದ ಟೊಪ್ಪಿಗೆ ಹಾಕಿಕೊಳ್ಳುತ್ತಿದ್ದರು. ಹಾರುವಾಗ ಕಾಲಲ್ಲಿ ಏನೂ ಇಲ್ಲ. ವಿಮಾನದ ಮೂತಿ ಎಡಬಲಕ್ಕೆ ತಿರುಗುವುದು ಕಾಲಿನಿಂದ; ಅದಕ್ಕೆ ಎರಡು ಮೆಟ್ಟುಗಳಿರುತ್ತವೆ. ಹೈದರಾಬಾದಿನ ಗುರುಗಳು ಬೂಟು ಹಾಕಿಕೋ ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟರಂತೆ. "ಕಾಲಿಗೂ ಕಿವಿ ಇರತಾವ ಮಾಸ್ತರ," ಎನ್ನುತ್ತಿದ್ದರು ನನಗೆ. "ಬೂಟು ಹಾಕಿದ್ರ ಕಿವುಡಾಗತಾವ."

ಅವರ ಸ್ವಂತದ್ದೆಂದು ಒಂದು ವಿಮಾನವೂ ಇರಲಿಲ್ಲ. ಕ್ಲಬ್ಬಿನದು, ಹೈದರಾಬಾದಿನ ಗೆಳೆಯರದು, ಒಬ್ಬ ಜಾಗೀರದಾರರದು, ಹೀಗೆ ಯಾರು ಕೊಟ್ಟರೆ ಅವರದು. ನಮ್ಮ ಕಡೆ ಬಿತ್ತನೆಯ ಹೊತ್ತಿಗೆ ಎತ್ತು ಕೇಳಿ ತರುವುದಿಲ್ಲವೇ, ಹಾಗೆ. ಅದರಿಂದಲೇ ಅವರ ಕೈಗೆ ಬಗೆಬಗೆಯವು ಬಂದವು. ಕಂಪನಿಯವರಿಟ್ಟ ಹೆಸರು ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಎತ್ತಿನ ಹೆಸರನ್ನೇ ಇಡುತ್ತಿದ್ದರು. ಮೇಲೊಂದು ಕೆಳಗೊಂದು ರೆಕ್ಕೆಯ, ತಲೆಯ ಮೇಲೆ ಏನೂ ಇಲ್ಲದ ಕೆಂಪು ವಿಮಾನ ಕೆಂದ್ಯಾ. ಕಟ್ಟಿಗೆ, ಬಟ್ಟೆ, ತಂತಿ ಬಿಟ್ಟರೆ ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಹಾರಿ ಇಳಿದರೆ ಕಣ್ಣಿನ ಸುತ್ತ ಬಿಟ್ಟು ಮುಖವೆಲ್ಲ ಧೂಳು. ಆದರೆ ಸಾಧು, ಎಂಜಿನ್ನಿನ ಕೂಗು ಇಳಿಸಿದರೆ ತಾನೇ ಕುಗ್ಗಿ ನೆಲಕ್ಕೆ ಕೂಡುತ್ತಿತ್ತು, ನಾಲ್ಕು ಮಾರು ಓಡಿ ನಿಲ್ಲುತ್ತಿತ್ತು. ಬೆಳ್ಳಿ ಬಣ್ಣದ್ದು ಬಿಳಿಯಾ. ತಲೆಯ ಮೇಲೆ ಒಂದೇ ರೆಕ್ಕೆ, ಸುತ್ತ ಗಾಜು, ಒಳಗೆ ಮೋಟಾರಿನಂತೆ ಮೆತ್ತನೆ ಆಸನ. ಧೋತರ ಮಾಸುತ್ತಿರಲಿಲ್ಲ. ಅದರ ದುರ್ಗುಣ ಒಂದೇ: ನೆಲ ಕಂಡರೆ ಇಳಿಯಲು ಒಲ್ಲೆನ್ನುವುದು. ಇನ್ನೇನು ಚಕ್ರ ಮುಟ್ಟಿತು ಎನ್ನುವಾಗ ಗಾಳಿಯ ಮೇಲೆ ತೇಲಿಕೊಂಡು ಹೋಗುತ್ತಲೇ ಇರುವುದು. ಕೆಳಗೆ ರೆಕ್ಕೆಯ, ಇಬ್ಬರು ಮಗ್ಗುಲಾಗಿ ಕೂಡುವ ಇನ್ನೊಂದಿತ್ತು. ಎಣ್ಣೆ ಸೋರಿ ಮೈಯೆಲ್ಲ ಮಚ್ಚೆ, ಹಾಗಾಗಿ ಹಂಡ್ಯಾ. "ಇದು ಕಾಲು ತಾಗಿದ್ರ ಸಾಕು ಬೆದರತೈತಿ," ಎನ್ನುತ್ತಿದ್ದರು. ಬೀಸುವ ಗಿರಣಿಯಂತೆ ಸದ್ದು ಮಾಡುವ ಒಂದು ಪುಟ್ಟ ವಿಮಾನವೂ ಒಂದು ಚಳಿಗಾಲ ಬಂದು ಹೋಯಿತು. ಅದಕ್ಕೆ ಹೆಸರಿಡಲೇ ಇಲ್ಲ. "ಅದಿನ್ನೂ ಕರ," ಎಂದು ಬಿಟ್ಟರು.

ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಾಗುವಾಗ ಅವರು ಮಾಡುತ್ತಿದ್ದ ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ. ಹತ್ತಿ ಕುಳಿತು ಕಣ್ಣಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದರು. ನಾನು ಹೊರಗೆ ನಿಂತು ಡ್ರಿಲ್ ಹೇಳಿದಂತೆ ಒಂದೊಂದರ ಹೆಸರು ಕೂಗಬೇಕು: ಎಣ್ಣೆಯ ಚಾವಿ, ಎಂಜಿನ್ನಿನ ಗುಂಡಿ, ವೇಗದ ಹಿಡಿಕೆ. ಕೂಗಿದ ಕೂಡಲೇ ಕೈ ಅಲ್ಲಿಗೆ ಹೋಗಿ ಮುಟ್ಟಬೇಕು. ತಡವಿದರೆ ಮೊದಲಿನಿಂದ. ಒಂದು ದಿನ ಬಿಳಿಯಾದಲ್ಲಿ ಕುಳಿತಿದ್ದಾಗ, ಕೆಂದ್ಯಾದಲ್ಲಿ ಮಾತ್ರ ಇದ್ದ ಒಂದು ಹಿಡಿಕೆಯ ಹೆಸರನ್ನು ಬೇಕೆಂದೇ ಕೂಗಿದೆ. ಕೈ ಮಡಿಲಿನಿಂದ ಏಳಲಿಲ್ಲ. ಟವೆಲಿನ ಒಳಗಿನಿಂದಲೇ, "ಮಾಸ್ತರ, ಅದು ಕೆಂದ್ಯಾನ ಮನ್ಯಾಗಿಂದು. ಇವತ್ತ ನಾ ಬಿಳಿಯಾನ ಮನ್ಯಾಗ ಅದೀನಿ," ಎಂದರು. ನಿನ್ನೆ ಹೂಡಿದ ಎತ್ತನ್ನು ಮರೆತು ಇವತ್ತಿನ ಎತ್ತಿನ ಬಾಲ ಹಿಡಿಯಬೇಕು, ಇದು ಅವರು ಹೇಳುತ್ತಿದ್ದ ಕ್ರಮ. ಶಿಸ್ತನ್ನೇ ಉಂಡು ಬೆಳೆದ ನನಗೆ ಆ ಟವೆಲ್ ಕಂಡರೆ ಕೈ ತಾನಾಗಿ ಸಲಾಮಿಗೆ ಏಳುತ್ತಿತ್ತು.

ಜನರನ್ನು ಹತ್ತಿಸಿಕೊಂಡು ತಿರುಗಿಸುವುದರಲ್ಲಿ ಉದಾರಿ. ಆದರೆ ಒಂದು ಪ್ರಸಂಗದ ನಂತರ ಅದಕ್ಕೂ ಒಂದು ಕಟ್ಟಳೆ ಬಂತು. ಕುಷ್ಟಗಿಯ ಒಕ್ಕಲಿಗನೊಬ್ಬನನ್ನು ಅವನದೇ ಹೊಲದ ಮೇಲೆ ಒಯ್ದಿದ್ದರು. ಮೇಲಿನಿಂದ ನೋಡಿದರೆ ಬದು ಸೊಟ್ಟಗಿರುವುದು ನೂಲು ಹಿಡಿದಂತೆ ಕಾಣುತ್ತದೆ. "ಬದು ಒತ್ತ್ಯಾನ! ನಮ್ಮ ಕಾಕಾನ ಮಗ ಬದು ಒತ್ತ್ಯಾನ! ಇಳಸ್ರಿ, ಇಲ್ಲೇ ಇಳಸ್ರಿ!" ಎಂದು ಆ ಮನುಷ್ಯ ಎದ್ದು ನಿಂತನಂತೆ, ತೆರೆದ ಕೆಂದ್ಯಾದಲ್ಲಿ. ಒಂದು ಕೈಯಿಂದ ಅವನ ಅಂಗಿ ಹಿಡಿದು, ಇನ್ನೊಂದು ಕೈಯಿಂದ ವಿಮಾನ ಹಿಡಿದು ಇಳಿದು ಬಂದರು. ಅಂದಿನಿಂದ ಯಾರನ್ನೂ ಅವರವರ ಹೊಲದ ಮೇಲೆ ಒಯ್ಯಲಿಲ್ಲ. "ಮಂದಿ ಹೊಲ ನೋಡ್ರಿ, ಛಂದ ಕಾಣತೈತಿ," ಎನ್ನುತ್ತಿದ್ದರು.

ತಾಯಿಯನ್ನು ಒಮ್ಮೆ ಮಾತ್ರ ಹತ್ತಿಸಿಕೊಂಡರು. ಇಟಗಿಯ ಮಹಾದೇವನ ಗುಡಿಯನ್ನು ಮೇಲಿನಿಂದ ತೋರಿಸುವ ಹಂಬಲ. ಆ ತಾಯಿ ಗುಡಿ ಬಂದಾಗ ಕಣ್ಣು ಮುಚ್ಚಿಕೊಂಡು ಬಿಟ್ಟರು. "ಯಾಕವ್ವಾ, ಅಂಜಿಕಿ ಬಂತೇನ?" ಎಂದರೆ, "ಅಂಜಿಕಿ ಅಲ್ಲೋ. ದೇವರ ನೆತ್ತಿ ಮ್ಯಾಲ ಕುಂತು ನೋಡಬಾರದು. ಸರಿಸು ಇದನ್ನ," ಎಂದರಂತೆ. ಆಮೇಲೆ ಅವರು ಯಾವ ಗುಡಿಯ ಮೇಲೂ, ದರ್ಗಾದ ಮೇಲೂ ಹಾಯಲಿಲ್ಲ; ಬಲಕ್ಕಿಟ್ಟು ಸುತ್ತಿ ಹೋಗುತ್ತಿದ್ದರು, ಪ್ರದಕ್ಷಿಣೆ ಹಾಕಿದಂತೆ. ಇಳಿಯುವಾಗ ಎಡಸುತ್ತು ಹಾಕಬೇಕೆಂದು ಕ್ಲಬ್ಬಿನ ನಿಯಮ. ಊರಮುಂದೆ ಹನುಮಪ್ಪನ ಗುಡಿಯಿರುವಲ್ಲಿ ಯಾವ ಸುತ್ತು ಹಾಕಬೇಕೆಂದು ಪತ್ರ ಬರೆದು ಕೇಳಿದರು. ಉತ್ತರ ಬರಲಿಲ್ಲ.

ಇನ್ನು ಗಾಳಿಯ ವಿಷಯ. ಅಂದಿನ ಘಟನೆ ತಿಳಿಯಬೇಕಾದರೆ ಇದು ತಿಳಿದಿರಬೇಕು. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಆಗ ಬೇಗ ನಿಲ್ಲುತ್ತದೆ. ಗಾಳಿ ಬೆನ್ನಿಗೆ ಬಿದ್ದರೆ ನೂಕಿಕೊಂಡು ಹೋಗುತ್ತದೆ. ಗಾಳಿ ಎತ್ತಣದ್ದೆಂದು ಮೇಲಿನವರಿಗೆ ತೋರಿಸಲು ಕಂಬಕ್ಕೆ ಬಟ್ಟೆಯ ಚೀಲ ಕಟ್ಟುವುದು ರೂಢಿ. ನಾವೂ ಕಟ್ಟಿದೆವು. ಒಂದು ವಾರ ಇತ್ತು. ಎರಡನೆಯದನ್ನು ಕಟ್ಟಿದೆವು, ಅದರ ಬಟ್ಟೆ ಸಂತೆಯಲ್ಲಿ ಒಬ್ಬನ ಮೈಮೇಲೆ ಅಂಗಿಯಾಗಿ ಕಂಡಿತು. ಹಿಡಿದು ತರಲೇ ಎಂದು ಕೇಳಿದೆ. "ಬಿಡ್ರಿ ಮಾಸ್ತರ. ಅವನೂ ಗಾಳ್ಯಾಗ ನಿಂತ್ರ ಅಂಗಿ ಹಾರತೈತಿ, ನಾ ನೋಡಕೋತೀನಿ," ಎಂದರು. ಹೊಗೆ ಹಾಕೋಣವೆಂದರೆ ಸುಗ್ಗಿಯಲ್ಲಿ ಸುತ್ತ ಕಣಿಕೆಯ, ಅಂದರೆ ಜೋಳದ ಒಣದಂಟಿನ, ಬಣವಿಗಳು. ಒಂದು ಕಿಡಿ ಸಾಕು. ಹಾಗಾಗಿ ರಾಶಿಯ ದಿನಗಳಲ್ಲಿ ಅವರು ಕಣ ನೋಡಿ ಇಳಿಯುತ್ತಿದ್ದರು. ಕಣದಲ್ಲಿ ಮೂರು ಕಾಲಿನ ಮಣೆಯ ಮೇಲೆ ನಿಂತು ಜೋಳ ತೂರುತ್ತಾರಷ್ಟೇ. ಕಾಳು ಕೆಳಗೆ ಬೀಳುತ್ತದೆ, ಹೊಟ್ಟು ಗಾಳಿ ಹೋದ ಕಡೆಗೆ ಹೋಗುತ್ತದೆ. ಮೇಲಿನಿಂದ ಅದು ಬಿಳಿಯ ಸೆರಗಿನಂತೆ ಕಾಣುತ್ತದೆಯೆಂದು ಹೇಳುತ್ತಿದ್ದರು. ಇಳಿದ ಮೇಲೆ ಕಣಕ್ಕೆ ಹೋಗಿ, "ನಿಮ್ಮ ಹೊಟ್ಟು ನೋಡಿ ಇಳದ್ನೆಪಾ," ಎಂದು ಹೇಳುವುದು, ಅವರು ಕೊಟ್ಟ ರೊಟ್ಟಿ ಮುರಿಯುವುದು. ರೈತರಿಗೆ ಹೆಮ್ಮೆ.

ಇದರ ಜೊತೆಗೆ ಇನ್ನೊಂದು ನಿಯಮವಿತ್ತು. ಎಲ್ಲಿಯೇ ಇಳಿಯಲಿ, ನೆಲದ ಮೇಲೆ ಎರಡು ಸುತ್ತು. "ಮೊದಲನೇ ಸುತ್ತು ಕಣ್ಣಿಗೆ, ಎರಡನೇ ಸುತ್ತು ಬುದ್ಧಿಗೆ," ಎನ್ನುತ್ತಿದ್ದರು. ನಾನು ನೆಲ ನೋಡಿಕೊಂಡ ವರ್ಷಗಳಲ್ಲಿ ಅವರು ಒಂದೇ ಸುತ್ತಿಗೆ ಇಳಿದದ್ದು ಒಂದೇ ಸಲ. ಅದು ಆ ಬುಧವಾರ.

ಅಧಿಕಾರಿ ಬಂದದ್ದು ಎರಡು ಕೆಲಸಕ್ಕೆ. ಬೇವೂರಿನ ನೆಲವನ್ನು ಸರಕಾರದ ದಫ್ತರಿನಲ್ಲಿ ಸೇರಿಸಬಹುದೇ ಎಂದು ನೋಡುವುದು ಒಂದು. ಇವರ ಹಾರಾಟವನ್ನು ಪಕ್ಕದಲ್ಲಿ ಕುಳಿತು ನೋಡಿ ಪರವಾನಗಿಯನ್ನು ಮುಂದುವರಿಸುವುದು ಇನ್ನೊಂದು. ಎರಡೂ ಇವರ ಬಹುದಿನದ ಆಸೆ. ಹಿಂದಿನ ದಿನ ಗೆಳೆಯರಿಂದ ಬಿಳಿಯಾವನ್ನು ಕೇಳಿ ತಂದು, ಅಧಿಕಾರಿಯನ್ನು ಕೂಡಿಸಿಕೊಂಡು ಕೊಪ್ಪಳಕ್ಕೆ ಬಂದಿದ್ದರು. ಬೆಳಿಗ್ಗೆ ಅಲ್ಲಿಂದ ಬೇವೂರಿಗೆ.

ನಾನು ನೆಲದ ಪಶ್ಚಿಮದ ತುದಿಯಲ್ಲಿ, ಜಾಲಿಯ ಬೇಲಿಯ ಹತ್ತಿರ ನಿಂತಿದ್ದೆ. ಮೂಡಣದಿಂದ ಸಣ್ಣ ಗಾಳಿ ಕಿವಿಗೆ ತಾಗುತ್ತಿತ್ತು. ವಿಮಾನದ ಸದ್ದು ಕೇಳಿತು, ಬಿಳಿಯಾ ಬಂತು, ಒಂದು ಸುತ್ತು ಹಾಕಿತು. ಎರಡನೆಯ ಸುತ್ತಿಗೆ ಕಾಯುತ್ತಿದ್ದಂತೆ ಮೂತಿ ಇಳಿಸಿ ಪಶ್ಚಿಮಕ್ಕೆ ಮುಖ ಮಾಡಿ ನೇರ ಬಂದುಬಿಟ್ಟಿತು. ಗಾಳಿ ಅದರ ಬೆನ್ನಿಗೆ. ಚಕ್ರ ನೆಲಕ್ಕೆ ತಾಗುವಂತಾಗಿ ತಾಗದೆ, ಇಡೀ ಗಾಯರಾಣವನ್ನು ತೇಲಿಕೊಂಡು ದಾಟಿತು. ಕೊನೆಗೆ ತಾಗಿದಾಗ ನೆಲವೇ ಮುಗಿದಿತ್ತು. ಬೇಲಿಯ ಮುಂದಿನ ತಗ್ಗಿಗೆ ಮುಂಗಾಲು ಕುಸಿದು, ಮೂತಿ ಮಣ್ಣಿಗೆ ಬಡಿದು, ತಿರುಗುವ ಪಂಖದ ಎರಡೂ ರೆಕ್ಕೆ ಚೂರಾದವು. ಆಮೇಲೆ ಧೂಳು. ಆ ಧೂಳು ನನ್ನ ಕಡೆಗೇ ಬಂತು.

ಓಡಿದೆ. ಅಧಿಕಾರಿಯ ಹಣೆಗೆ ಬುಗುಟು. ಇವರ ಮೊಣಕಾಲು ಒಡೆದು ಧೋತರಕ್ಕೆ ರಕ್ತ. ಇಬ್ಬರೂ ತಾವೇ ಇಳಿದರು. ಇವರು ಮೊದಲು ಎಣ್ಣೆಯ ಚಾವಿ ಮುಚ್ಚಿ, ಎಂಜಿನ್ನಿನ ಗುಂಡಿ ಆರಿಸಿ, ಆಮೇಲೆ ಕಾಲು ನೋಡಿಕೊಂಡರು. ನಂತರ ಬೊಗಸೆಯಲ್ಲಿ ಮಣ್ಣೆತ್ತಿ ಬಿಟ್ಟರು. ಧೂಳು ಪಶ್ಚಿಮಕ್ಕೆ ಹೋಯಿತು. ಕಣದ ಕಡೆ ನೋಡಿದರು. ನನಗೂ ಆಗಲೇ ಕಂಡದ್ದು: ಅಲ್ಲಿ ಹೊಟ್ಟು ಪೂರ್ವಕ್ಕೆ ಹಾರಿ ಬಿದ್ದಿತ್ತು.

ಅಷ್ಟರಲ್ಲಿ ಅಮೀನರು ನಿಂಗಪ್ಪನನ್ನೂ ಇಮಾಮಸಾಬನನ್ನೂ ಮುಂದೆ ಹಾಕಿಕೊಂಡು ಬಂದರು. ಇಬ್ಬರ ನಡುವೆ ಒಂದು ದೊಡ್ಡ ಕರಿ ಕಂಬಳಿ. ಒಂದೊಂದು ತುದಿ ಒಬ್ಬೊಬ್ಬರ ಕೈಯಲ್ಲಿ. ಗಾಳಿ ಇಲ್ಲದ ಹೊತ್ತಿನಲ್ಲಿ ಇಬ್ಬರು ಕಂಬಳಿ ಹಿಡಿದು ಬೀಸಿ ಗಾಳಿ ಎಬ್ಬಿಸುವುದು, ಇನ್ನೊಬ್ಬರು ತೂರುವುದು, ನಮ್ಮ ಕಣಗಳ ಹಳೆಯ ಪದ್ಧತಿ. ಊರ ಮಗ್ಗುಲಿಗಿದ್ದ ಆ ಕಣಕ್ಕೆ ಬಣವಿಗಳು ಅಡ್ಡ. ಬಯಲಿನ ಸಣ್ಣ ಮೂಡಗಾಳಿ ಅಲ್ಲಿಗೆ ಮುಟ್ಟಿರಲಿಲ್ಲ.

ನಿಂಗಪ್ಪನ ಮುಖದಲ್ಲಿ ಅಂಜಿಕೆಯಿರಲಿಲ್ಲ. ಮುರಿದ ವಿಮಾನ ನೋಡಿ ಮರುಗಿದ, ಆಮೇಲೆ ಕೇಳಿದ: "ಗಾಳಿ ಸಾಲಲಿಲ್ಲೇನ್ರಿ ಸಾವಕಾರ್ರ? ಇನ್ನೊಂದ ಕಂಬಳಿ ಇತ್ರಿ ಮನ್ಯಾಗ."

"ಏನ ಗಾಳೀಪಾ?" ಎಂದರು ಅಮೀನರು.

"ಅಲ್ರಿ, ಸಾವಕಾರ್ರು ಹೊಟ್ಟು ನೋಡೇ ಇಳಿಯೂದು. ಇವತ್ತ ಗಾಳಿ ಸತ್ತು ಬಿದ್ದಿತ್ತು. ಹೊಟ್ಟು ಹಾರದಿದ್ರ ಪಾಪ ಅವರು ಮ್ಯಾಲ ಎಷ್ಟೊತ್ತು ತಿರಗಬೇಕ್ರಿ? ಸಾಹೇಬ್ರೂ ಅದಾರ ಅಂದ್ರು. ಅದಕ್ಕ ನಾನು ಇಮಾಮಣ್ಣ ಕಂಬಳಿ ಹಿಡದ್ವಿ, ಗಂಗವ್ವ ತೂರಿದ್ಲು."

"ಕೈ ಬಿದ್ದು ಹೋಗ್ಯಾವ್ರಿ ನಂದು," ಎಂದ ಇಮಾಮಸಾಬ. "ಇವಾ ಬಿಡವಲ್ಲ. ಬೀಸು ಬೀಸು, ಇಮಾನ ಬಂತು ಬೀಸು ಅಂತಾನ."

ಅಧಿಕಾರಿಗೆ ಕನ್ನಡ ಬಾರದು. ಏನು ಹೇಳುತ್ತಿದ್ದಾರೆಂದು ಉರ್ದುವಿನಲ್ಲಿ ಕೇಳಿದರು. ಅಮೀನರು ತಾವೇ ಮುಂದಾಗಿ ಹೇಳಿದರು: ಈ ಇಬ್ಬರು ಸುಳ್ಳು ಗಾಳಿ ತೋರಿಸಿ ಸರಕಾರಿ ಅಧಿಕಾರಿಯ ಜೀವಕ್ಕೆ ಅಪಾಯ ತಂದರು, ಠಾಣೆಗೆ ಒಯ್ಯುತ್ತೇನೆ. ಠಾಣೆ ಎಂಬ ಮಾತು ಮಾತ್ರ ನಿಂಗಪ್ಪನಿಗೆ ತಿಳಿಯಿತು. ಅವನ ಕೈಯಿಂದ ಕಂಬಳಿಯ ತುದಿ ಜಾರಿತು.

ಅಧಿಕಾರಿ ಇವರನ್ನು ಪಕ್ಕಕ್ಕೆ ಕರೆದರು. ನಾನು ಹಗ್ಗ ಬಿಗಿಯುತ್ತಿದ್ದೆ, ಮಾತು ಕೇಳಿಸುತ್ತಿತ್ತು. ಅಧಿಕಾರಿ ಕೆಟ್ಟ ಮನುಷ್ಯನಲ್ಲ. ಇವರ ಹಾರಾಟವನ್ನು ಮೆಚ್ಚಿದ್ದರೆಂದು ತೋರಿತು. ಅವರು ಹೇಳಿದ್ದು ಇಷ್ಟು: ವರದಿಯಲ್ಲಿ ಎರಡು ಬಗೆಯಾಗಿ ಬರೆಯಬಹುದು. ನೆಲದವರು ತಪ್ಪು ಸನ್ನೆ ಕೊಟ್ಟರೆಂದು ಬರೆದರೆ ನಿನ್ನ ಪರವಾನಗಿಗೆ ತೊಂದರೆಯಿಲ್ಲ. ಮುಂದಿನದನ್ನು ಅಮೀನ ನೋಡಿಕೊಳ್ಳುತ್ತಾನೆ. ಹಾರಿಸಿದವನ ತಪ್ಪೆಂದು ಬರೆದರೆ ಪರವಾನಗಿಯನ್ನು ಈಗಲೇ ತೆಗೆದುಕೊಳ್ಳಬೇಕಾಗುತ್ತದೆ. ಯಾವುದನ್ನು ಬರೆಯಲಿ?

ಇವರು ತಡಮಾಡಲಿಲ್ಲ. "ಸಾಹೇಬರೇ, ಅವರು ಸನ್ನೆ ಕೊಟ್ಟಿಲ್ಲ. ಜೋಳ ತೂರಿದ್ದಾರೆ. ಗಾಳಿ ಏಳದಿದ್ದರೆ ಇಲ್ಲಿ ಕಂಬಳಿ ಬೀಸಿಯೇ ತೂರುತ್ತಾರೆ, ಚಿಕ್ಕವನಿದ್ದಾಗ ನಾನೇ ಕಂಬಳಿ ಹಿಡಿದಿದ್ದೇನೆ," ಎಂದರು ಉರ್ದುವಿನಲ್ಲಿ. "ಎರಡು ಸುತ್ತು ಹಾಕುವುದು ನನ್ನ ನಿಯಮ. ಎರಡನೆಯದನ್ನು ಹಾಕಿದ್ದರೆ ಕಂಬಳಿ ಕಾಣುತ್ತಿತ್ತು. ನೀವು ಪಕ್ಕದಲ್ಲಿದ್ದಿರಿ, ಒಂದೇ ಸುತ್ತಿಗೆ ಚೆಂದ ಇಳಿಸಿ ತೋರಿಸೋಣ ಅನ್ನಿಸಿತು. ಮೆರೆಯಲು ಹೋದೆ. ಕೆಂದ್ಯಾ ಆಗಿದ್ದರೆ ಹೇಗೋ ನಿಲ್ಲುತ್ತಿತ್ತು. ಬಿಳಿಯಾ ತೇಲುತ್ತದೆಂದು ಗೊತ್ತಿದ್ದೂ ಮೆರೆದೆ. ಅದನ್ನು ಬರೆಯಿರಿ."

"ಕೆಂದ್ಯಾ ಯಾರು?" ಎಂದರು ಅಧಿಕಾರಿ.

ಇವರು ಕೋಟಿನ ಜೇಬಿನಿಂದ ಪರವಾನಗಿಯ ಕಿರುಪುಸ್ತಕ ತೆಗೆದು, ಅದರ ಮೇಲೆ ಕೂತಿದ್ದ ಮಣ್ಣನ್ನು ಧೋತರದ ತುದಿಗೆ ಒರೆಸಿ, ಎರಡೂ ಕೈಯಿಂದ ಕೊಟ್ಟರು. ಅಧಿಕಾರಿ ಅದನ್ನು ಜೇಬಿಗೆ ಹಾಕಿಕೊಂಡರು. ದಸರೆ ಕಳೆದ ಮೇಲೆ ಬಂದು ಮತ್ತೆ ಪರೀಕ್ಷೆ ಕೊಡು ಎಂದರು. ನೆಲದಲ್ಲಿ ದೋಷವಿಲ್ಲವೆಂದು ಬರೆಯುವುದಾಗಿಯೂ ಹೇಳಿದರು. ಆಮೇಲೆ ಅಮೀನರ ಮೋಟಾರಿನಲ್ಲಿ ಕೊಪ್ಪಳದ ರೈಲಿಗೆ ಹೊರಟು ಹೋದರು. ಅಮೀನರಿಗೆ ಹಿಡಿಯಲು ಯಾರೂ ಉಳಿಯಲಿಲ್ಲ, ಅವರೂ ಜೊತೆಗೇ ಹೋದರು.

ದಿನದ ಉಳಿದ ಭಾಗ ಹೇಳುವ ಮೊದಲು ಮುಂದಿನ ವರ್ಷಗಳದನ್ನು ಹೇಳಿ ಮುಗಿಸುತ್ತೇನೆ. ಕ್ರಮ ತಪ್ಪುತ್ತದೆ, ಗೊತ್ತು. ದಸರೆ ಬರುವ ಮೊದಲೇ ದೊಡ್ಡ ಯುದ್ಧ ಬಂತು. ಖಾಸಗಿಯವರು ಹಾರುವುದು ನಿಂತಿತು; ಗೆಳೆಯರ ವಿಮಾನಗಳು ಸರಕಾರಕ್ಕೆ ಹೋದವು, ಕೆಂದ್ಯಾನೂ ಹೋಯಿತು. ಪರೀಕ್ಷೆ ಕೊಡಲು ಎತ್ತೇ ಇಲ್ಲ. ಯುದ್ಧದ ದಿನಗಳಲ್ಲಿ ತರಬೇತಿಯ ವಿಮಾನಗಳು ಕೊಪ್ಪಳದ ಮೇಲೆ ಹಾಯುತ್ತಿದ್ದವು. ಅವರು ಗಿರಣಿಯ ಅಂಗಳದಲ್ಲಿ ಅರಳೆಯ ನಡುವೆ ಕುಳಿತು, ತಲೆಯೆತ್ತದೆ, "ಹೊಸಾ ಹುಡುಗ. ಎಡಕ್ಕ ಎಳಿಯಾಕತ್ತೈತಿ, ಬಿಟ್ಟುಕೊಟ್ಟಾನ," ಎಂದೋ, "ಇದು ನಮ್ಮ 'ಕರ'ನ ಅಣ್ಣ," ಎಂದೋ ಹೇಳುತ್ತಿದ್ದರು. ಯುದ್ಧ ಮುಗಿದ ಮೇಲೆ ಹೈದರಾಬಾದಿಗೆ ಹೋದರು. ಅಲ್ಲಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸಿ, ಕಣ್ಣು ಸಾಲದು ಎಂದರು. ಮರಳಿ ಬಂದವರು ನನಗೆ ಹೇಳಿದ್ದು ಒಂದೇ ಮಾತು: "ಅಕ್ಷರ ಸಣ್ಣವಿದ್ದವು ಮಾಸ್ತರ. ಕಣ ಆಗಿದ್ರ ಓದತಿದ್ದೆ." ಆ ಬುಧವಾರದ ನಂತರ ಅವರು ವಿಮಾನ ನಡೆಸಲೇ ಇಲ್ಲ. ಪರವಾನಗಿ ಅಂದೇ ಹೋಯಿತೆಂಬುದು ನಿಂಗಪ್ಪನಿಗೆ ಗೊತ್ತಾಗಲಿಲ್ಲ. ಗೊತ್ತು ಮಾಡಬಾರದೆಂದು ನನಗೆ ಹುಕುಂ ಆಗಿತ್ತು. ನಿಂಗಪ್ಪ ತೀರಿಹೋಗುವವರೆಗೂ ಪಾಲಿಸಿದೆ.

ಈಗ ಆ ದಿನದ ಸಂಜೆ.

ಮಧ್ಯಾಹ್ನವೆಲ್ಲ ವಿಮಾನವನ್ನು ತಗ್ಗಿನಿಂದ ಎತ್ತಿ, ಹಿಂದಕ್ಕೆ ನೂಕಿ, ಹಗ್ಗ ಕಟ್ಟುವುದರಲ್ಲಿ ಹೋಯಿತು. ಬಿಸಿಲು ಇಳಿಯುವಾಗ ಕಣಕ್ಕೆ ಹೋದೆವು. ನಾನು ಬೂಟು ಕಳಚಿ ಹೊರಗಿಟ್ಟೆ. ಕಣದೊಳಗೆ ಬೂಟು ತರುವಂತಿಲ್ಲ. ಅವರಿಗೆ ಕಳಚುವ ಕೆಲಸವಿರಲಿಲ್ಲ. ಗಂಗವ್ವ ಅವರ ಮೊಣಕಾಲಿಗೆ ಅರಿಸಿನ ಮೆತ್ತಿ ಅರಿವೆ ಕಟ್ಟಿದಳು. ರೊಟ್ಟಿ ಕೊಟ್ಟಳು. ಆಮೇಲೆ ಎದುರಿಗೆ ಕುಳಿತು ಕೇಳಿದಳು: "ಖರೆ ಹೇಳ್ರಿ ಯಪ್ಪಾ. ಇವರ ಕಂಬಳಿಯಿಂದ ತ್ರಾಸ ಆತು ಹೌದಲ್ಲೊ? ನಮ್ಮ ಹೊಟ್ಟು ಆ ಕಡಿ ಹೊಂಟಿತ್ತು. ನಿಮ್ಮ ಧೂಳು ಈ ಕಡಿ ಹೊಂಟಿತ್ತು. ನಾ ಮಣಿ ಮ್ಯಾಲೆ ನಿಂತಿದ್ದೆ, ನೋಡೀನಿ."

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ನಿಮ್ಮ ಗಾಳಿ ಛಲೋನ ಇತ್ತವ್ವಾ. ನಾ ಅವಸರ ಮಾಡಿದೆ."

"ಏನರ ಆಗಲಿ. ಇನ್ನೊಮ್ಮೆ ನೀವು ಇಮಾನ ತಂದ ದಿನ ಇವರ ಕೈಗೆ ಕಂಬಳಿ ಕೊಡಂಗಿಲ್ಲ ನಾ."

"ಕೊಡಬ್ಯಾಡ," ಎಂದು ನಕ್ಕರು.

ನಿಂಗಪ್ಪ ತಲೆ ತಗ್ಗಿಸಿ ರಾಶಿಯ ಮುಂದೆ ಕುಳಿತಿದ್ದ. ಅರ್ಧ ತೂರಿದ ಜೋಳ ಹಾಗೇ ಬಿದ್ದಿತ್ತು. ಮುಂಜಾನೆಯಿಂದ ಯಾರೂ ಮುಟ್ಟಿರಲಿಲ್ಲ. ಅಷ್ಟರಲ್ಲಿ ಬಣವಿಯ ಮೇಲಿನ ಕಣಿಕೆಯ ಗರಿಗಳು ಅಲುಗಿದವು. ಗಾಳಿ ಎದ್ದಿತು. ಪಡುವಣ ಗಾಳಿ, ಬೆಳಿಗ್ಗೆ ಅವರು ಇದೆಯೆಂದುಕೊಂಡು ಇಳಿದಿದ್ದ ಗಾಳಿ.

"ಏಳಪಾ ನಿಂಗಪ್ಪ," ಎಂದು ಅವರೇ ಎದ್ದರು. ಕುಂಟುತ್ತ ಹೋಗಿ ಮೂರು ಕಾಲಿನ ಮಣೆ ಹತ್ತಿದರು.

"ಸಾವಕಾರ್ರ, ಮೊಳಕಾಲು," ಎಂದ ನಿಂಗಪ್ಪ.

"ಬುಟ್ಟಿ ತುಂಬು."

ತುಂಬಿದ ಬುಟ್ಟಿಯನ್ನು ಇಮಾಮಸಾಬ ಎತ್ತಿಕೊಟ್ಟ. ಅವರು ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಒಂದು ಹಿಡಿ ತೆಗೆದು ಮೇಲಿನಿಂದ ಬಿಟ್ಟರು. ಹೊಟ್ಟು ಪೂರ್ವಕ್ಕೆ ಹೋಯಿತು. ಎಲ್ಲರೂ ಬುಟ್ಟಿ ಬಾಗುತ್ತದೆಂದು ನೋಡುತ್ತಿದ್ದೆವು. ಬಾಗಲಿಲ್ಲ. ಕತ್ತು ಹೊರಳಿಸಿ ಬಣವಿ ನೋಡಿದರು, ಬಯಲು ನೋಡಿದರು, ನಾನು ಮೂಲೆಗೆ ಹಾಸಿದ್ದ ಬಿಳಿ ಬಟ್ಟೆಯ ಅಂಚು ನೋಡಿದರು. ಎರಡನೆಯ ಹಿಡಿ ತೆಗೆದು ಬಿಟ್ಟರು. ಅದೂ ಪೂರ್ವಕ್ಕೆ ಹೋಯಿತು.

"ಹೂಂ, ಗಾಳಿ ಐತಿ," ಎಂದು ಬುಟ್ಟಿ ಬಾಗಿಸಿದರು.

ಹೊತ್ತು ಮುಳುಗುವುದರೊಳಗೆ ರಾಶಿ ಮುಗಿಯಿತು. ಇಬ್ಬನಿ ಬೀಳದಂತೆ ನಿಂಗಪ್ಪನೂ ಇಮಾಮಸಾಬನೂ ಅದೇ ಕರಿ ಕಂಬಳಿಯನ್ನು ಕಾಳಿನ ಮೇಲೆ ಹೊದಿಸಿದರು. ಅವರು ಮಣೆಯಿಂದ ಇಳಿದು ಮೈಮೇಲಿನ ಹೊಟ್ಟು ಕೊಡವಿಕೊಳ್ಳುತ್ತ, "ಮಾಸ್ತರ, ಬಟ್ಟಿ ಉಳದಾವ," ಎಂದರು.

ಗಾಯರಾಣಕ್ಕೆ ಹೋದೆ. ನಾಲ್ಕು ಮೂಲೆಯ ಕಲ್ಲುಗಳನ್ನು ತೆಗೆದಿಟ್ಟೆ. ಬಟ್ಟೆಗಳನ್ನು ಎತ್ತಿ, ಧೂಳು ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಚಿ, ಸೈಕಲ್ಲಿಗೆ ಕಟ್ಟಿದೆ.